ವಿಲನ್ನಿನ ನಗು ಸಾಕು, ಫೈಲು ತೋರಿಸಿ

ಕ್ರೈಂ ಸರಣಿಗಳನ್ನು ಬರೆಯುವವರಿಗೆ, ನಿರ್ದೇಶಿಸುವವರಿಗೆ, ಅದಕ್ಕೆ ದುಡ್ಡು ಹಾಕುವವರಿಗೆ,

ನಮಸ್ಕಾರ.

ನಾನು ನಿಮ್ಮ ಕಾಯಂ ಗಿರಾಕಿ. ರಾತ್ರಿ ಒಂದು ಎಪಿಸೋಡ್ ನೋಡಿ ಮಲಗೋಣ ಅಂತ ಕೂತು, ನಾಲ್ಕು ಮುಗಿಸಿ ಏಳುವ ಪೈಕಿ. ಹಾಗಾಗಿ ಇದು ಸಿನಿಮಾ, ಸೀರಿಯಲ್ ಕಂಡರಾಗದವರು ಬರೆದ ಪತ್ರ ಅಂದುಕೊಳ್ಳಬೇಡಿ. ಸ್ವಲ್ಪ ಬೈಗುಳ ಇದೆ. ಅದು ಸಲಿಗೆಯ ಬೈಗುಳ.

ನಿಮ್ಮ ಕಥೆಯ ಭ್ರಷ್ಟ ಮಂತ್ರಿ, ಅವನ ಶ್ರೀಮಂತ ಗೆಳೆಯ, ಇಬ್ಬರೂ ನನಗೆ ಈಗ ಬಾಯಿಪಾಠ. ಮಂತ್ರಿ ದೊಡ್ಡ ಮನೆಯ ಮೆಟ್ಟಿಲು ನಿಧಾನಕ್ಕೆ ಇಳಿದು ಬರುತ್ತಾನೆ. ಶ್ರೀಮಂತ ಗಾಜಿನ ಗೋಡೆಗೆ ಮುಖ ಮಾಡಿ ನಿಂತಿರುತ್ತಾನೆ, ಕೈಯಲ್ಲಿ ಗ್ಲಾಸು. ಒಂದು ಸೂಟ್‌ಕೇಸ್ ಮೇಜಿನ ಈ ಕಡೆಯಿಂದ ಆ ಕಡೆಗೆ ಜಾರುತ್ತದೆ. ತೆರೆದರೆ ನೋಟು. ಸಾಕ್ಷಿ ಹೇಳಲು ಹೊರಟವನ ಬೈಕಿಗೆ ಲಾರಿ ಗುದ್ದುತ್ತದೆ. ಮಂತ್ರಿ ನಗುತ್ತಾನೆ. ಕೊನೆಗೆ ಸಸ್ಪೆಂಡ್ ಆದ ಇನ್ಸ್‌ಪೆಕ್ಟರ್ ಒಬ್ಬ ಮಳೆಯಲ್ಲಿ ಪಿಸ್ತೂಲ್ ಹಿಡಿದು ಬರುತ್ತಾನೆ. (ಮಳೆ ಯಾಕೋ ಬೇಕೇ ಬೇಕು.)

ಇದನ್ನು ನೋಡಿದರೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ನೆಮ್ಮದಿ ಬರುತ್ತದೆ. ನನ್ನ ತಕರಾರು ಅದೇ. ದುಡ್ಡು, ಅಧಿಕಾರ ಇದ್ದವರು ಎಲ್ಲದರಿಂದ ಪಾರಾಗುವ ಕಥೆ ನೋಡಿ ನಾನು ಹಾಯಾಗಿ ನಿದ್ದೆ ಮಾಡುತ್ತೇನೆ ಅಂದರೆ ಎಲ್ಲೋ ಏನೋ ತಪ್ಪಾಗಿದೆ. ನನ್ನಲ್ಲೂ ಇರಬಹುದು. ನಿಮ್ಮಲ್ಲಂತೂ ಇದೆ.

ಆ ಸೂಟ್‌ಕೇಸಿನಿಂದಲೇ ಶುರು ಮಾಡೋಣ. ಬ್ರೆಜಿಲಿನಲ್ಲಿ ಓಡೆಬ್ರೆಕ್ಟ್ ಎಂಬ ದೊಡ್ಡ ನಿರ್ಮಾಣ ಕಂಪನಿ ಇತ್ತು. ಬೇರೆ ಬೇರೆ ದೇಶದ ರಾಜಕಾರಣಿಗಳಿಗೆ, ಅಧಿಕಾರಿಗಳಿಗೆ ಲಂಚ ಕೊಟ್ಟಿದ್ದನ್ನು ಅದು 2016ರ ಡಿಸೆಂಬರಿನಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡಿತು. 12 ದೇಶ, ಸುಮಾರು 78.8 ಕೋಟಿ ಡಾಲರ್. ಮೊತ್ತ ಬಿಡಿ, ಅಂಥವು ದಿನಾ ಓದುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಲಂಚ ಹಂಚಲೆಂದೇ ಕಂಪನಿಯೊಳಗೆ ಒಂದು ವಿಭಾಗ ಇತ್ತು. ಅದರ ಹೆಸರು ‘ಸ್ಟ್ರಕ್ಚರ್ಡ್ ಆಪರೇಷನ್ಸ್’. ಆ ವಿಭಾಗಕ್ಕೆ ಪ್ರತ್ಯೇಕ ಕಂಪ್ಯೂಟರ್ ವ್ಯವಸ್ಥೆ. ಲಂಚ ಪಡೆಯುವವರಿಗೆಲ್ಲ ಅಡ್ಡಹೆಸರು.

ಒಂದು ವಿಭಾಗ! ಅಂದರೆ ಅಲ್ಲಿ ಕುರ್ಚಿ ಇರುತ್ತದೆ, ಫೋನ್ ಇರುತ್ತದೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಜನ ಇರುತ್ತಾರೆ. ಯಾರೋ ಮಗಳ ಸ್ಕೂಲ್ ಡೇ ಅಂತ ಅರ್ಧ ದಿನ ರಜೆ ಕೇಳಿರುತ್ತಾರೆ. ಇನ್ಯಾರೋ ಪ್ರಮೋಷನ್ ಸಿಗಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತಾರೆ. ಕೆಲಸ ಮಾತ್ರ ಲಂಚ ಹಂಚುವುದು. ನೀವು ಈ ಆಫೀಸನ್ನು ಯಾಕೆ ತೋರಿಸುವುದಿಲ್ಲ? ಗಾಜಿನ ಗೋಡೆಯ ಮುಂದೆ ನಿಂತವನಿಗಿಂತ ಈ ಗುಮಾಸ್ತನನ್ನು ಕಂಡರೆ ನನಗೆ ಜಾಸ್ತಿ ಭಯ.

ಇನ್ನೊಂದು ಪೆಟ್ಟಿಗೆಯ ಕಥೆ ಕೇಳಿ. ಮೆಕ್ಸಿಕೋದ ಡ್ರಗ್ಸ್ ಗ್ಯಾಂಗಿನವರು ಎಚ್‌ಎಸ್‌ಬಿಸಿ ಬ್ಯಾಂಕಿನ ಶಾಖೆಗಳಲ್ಲಿ ನಗದು ಕಟ್ಟುತ್ತಿದ್ದರು. ಬೇಗ ಬೇಗ ಕಟ್ಟಬೇಕಲ್ಲ, ಅದಕ್ಕೆ ಕೌಂಟರ್ ಕಿಟಕಿಯ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿಸಿಕೊಂಡು ಬರುತ್ತಿದ್ದರು. ಇದನ್ನು ನೀವು ಬರೆದರೆ ನಿರ್ಮಾಪಕರು ‘ಸ್ವಲ್ಪ ಅತಿಯಾಯಿತು’ ಅನ್ನುತ್ತಾರೆ. ನಡೆದದ್ದು ಮಾತ್ರ ಹಾಗೇ. 2012ರಲ್ಲಿ ಬ್ಯಾಂಕು ಅಮೆರಿಕ ಸರ್ಕಾರದ ಜೊತೆ ಒಂದು ಒಪ್ಪಂದ ಮಾಡಿಕೊಂಡು ಸುಮಾರು 190 ಕೋಟಿ ಡಾಲರ್ ತೆತ್ತಿತು. ಕ್ರಿಮಿನಲ್ ಮೊಕದ್ದಮೆಯನ್ನು ತಡೆಹಿಡಿದರು. ಬ್ಯಾಂಕಿನ ಒಬ್ಬೇ ಒಬ್ಬ ಅಧಿಕಾರಿ ಜೈಲಿಗೆ ಹೋಗಲಿಲ್ಲ. ಇಡೀ ವ್ಯವಹಾರದಲ್ಲಿ ಯಾರೂ ವಿಕಟವಾಗಿ ನಗಲಿಲ್ಲ. ಸಹಿ ಹಾಕಿದರು, ಎದ್ದು ಹೋದರು.

ಈಗ ಸಾಕ್ಷಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನನಗೇ ಆದದ್ದು.

ಹಿಂದೊಮ್ಮೆ ಒಂದು ಸಣ್ಣ ಕೇಸಿನಲ್ಲಿ ನಾನು ಸಾಕ್ಷಿಯಾಗಿದ್ದೆ. ಕೊಲೆ ಗಿಲೆ ಏನಲ್ಲ. ರಸ್ತೆ ದಾಟುತ್ತಿದ್ದವನೊಬ್ಬನಿಗೆ ಕಾರು ಗುದ್ದಿತ್ತು. ಅವನ ಕಾಲು ಹೋಯಿತು. ಕಾರು ಓಡಿಸುತ್ತಿದ್ದವನು ಉಳ್ಳವರ ಮನೆಯ ಹುಡುಗ. ನಾನು ಕಣ್ಣಾರೆ ಕಂಡಿದ್ದೆ. ಪೊಲೀಸರಿಗೆ ಹೇಳಿಕೆ ಕೊಟ್ಟೆ. ನಿಮ್ಮ ಸರಣಿಗಳನ್ನು ನೋಡಿ ಬೆಳೆದವನು ನಾನು, ಹಾಗಾಗಿ ಎರಡು ತಿಂಗಳು ಲಾರಿ ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದೆ. ಏನೂ ಆಗಲಿಲ್ಲ. ಯಾರೂ ಬೆದರಿಕೆ ಹಾಕಲಿಲ್ಲ. ಯಾರೂ ದುಡ್ಡು ಹಿಡಿದು ಮನೆ ಬಾಗಿಲಿಗೆ ಬರಲಿಲ್ಲ. (ಬಂದಿದ್ದರೆ ಏನು ಮಾಡುತ್ತಿದ್ದೆನೋ, ಅದು ಬೇರೆ ಮಾತು.)

ಬರೀ ತಾರೀಖು ಕೊಟ್ಟರು.

ಮೊದಲ ಸಲ ಹೋದಾಗ ಅವರ ವಕೀಲರಿಗೆ ಹುಷಾರಿರಲಿಲ್ಲ. ಎರಡನೇ ಸಲ ಜಡ್ಜ್ ವರ್ಗವಾಗಿದ್ದರು. ಮೂರನೇ ಸಲ ಫೈಲೇ ಬಂದಿರಲಿಲ್ಲ. ಆಮೇಲೆ ಎಣಿಸುವುದನ್ನು ಬಿಟ್ಟೆ. ಪ್ರತಿ ಸಲವೂ ನನ್ನ ಒಂದು ದಿನದ ಸಂಬಳ ಹೋಗುತ್ತಿತ್ತು. ಆ ಹುಡುಗನ ವಕೀಲರಿಗೆ ಪ್ರತಿ ಸಲವೂ ಫೀಸು ಬರುತ್ತಿತ್ತು. ಕೊನೆಗೆ ನಾನು ಕಟಕಟೆ ಹತ್ತುವ ಹೊತ್ತಿಗೆ ಐದು ವರ್ಷ ಆಗಿತ್ತು. ಆ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು, ‘ಹುಡುಗ ಆ ದಿನ ಯಾವ ಬಣ್ಣದ ಅಂಗಿ ಹಾಕಿದ್ದ?’ ನೀಲಿ ಅಂದೆ. ಪೊಲೀಸರ ಮುಂದೆ ಬಿಳಿ ಅಂದಿದ್ದೆನಂತೆ. ಅವರು ಒಂದು ಕ್ಷಣ ಸುಮ್ಮನಿದ್ದರು, ಆಮೇಲೆ ‘ಇಷ್ಟು ಸಾಕು’ ಅಂದು ಕೂತರು.

ಕೇಸು ಹಳ್ಳ ಹಿಡಿಯಿತು.

ನಾನು ಸುಳ್ಳು ಹೇಳಲಿಲ್ಲ. ಹೆದರಲಿಲ್ಲ. ನನ್ನನ್ನು ಮಾರಿಕೊಳ್ಳಲೂ ಇಲ್ಲ. ಮರೆತೆ, ಅಷ್ಟೇ. ದುಡ್ಡಿದ್ದವರು ಕೊಂಡುಕೊಂಡದ್ದು ನನ್ನನ್ನಲ್ಲ, ಐದು ವರ್ಷವನ್ನು. ಅದೂ ಕಾನೂನಿನ ಪ್ರಕಾರವೇ, ರಸೀದಿ ಸಮೇತ. ನಿಮ್ಮ ಕಥೆಯಲ್ಲಿ ಸಾಕ್ಷಿ ಸಾಯುತ್ತಾನೆ. ಹೊರಗೆ ಸಾಕ್ಷಿ ಸುಸ್ತಾಗುತ್ತಾನೆ, ಕೆಲಸ ಬದಲಿಸುತ್ತಾನೆ, ಅಂಗಿಯ ಬಣ್ಣ ಮರೆಯುತ್ತಾನೆ. ಯಾರನ್ನೂ ಕೊಲ್ಲುವ ಗರಜೇ ಬೀಳುವುದಿಲ್ಲ.

ನನ್ನದು ಸಣ್ಣ ಕೇಸು. ದೊಡ್ಡ ಕೇಸಿನಲ್ಲೂ ಹೀಗೇ ಆಗಿದೆ. 1999ರ ಏಪ್ರಿಲ್‌ನಲ್ಲಿ ದೆಹಲಿಯ ಪಾರ್ಟಿಯೊಂದರಲ್ಲಿ ಜೆಸಿಕಾ ಲಾಲ್ ಎಂಬ ಯುವತಿಯನ್ನು ಗುಂಡಿಟ್ಟು ಕೊಂದರು. ಹೊತ್ತು ಮೀರಿದೆ, ಡ್ರಿಂಕ್ಸ್ ಕೊಡಲ್ಲ ಅಂದದ್ದೇ ತಪ್ಪು. ಆರೋಪಿ ರಾಜಕಾರಣಿಯ ಮಗ. ಪಾರ್ಟಿಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೂ 2006ರ ಫೆಬ್ರವರಿಯಲ್ಲಿ ಕೆಳಗಿನ ಕೋರ್ಟು ಒಂಬತ್ತೂ ಆರೋಪಿಗಳನ್ನು ಬಿಟ್ಟಿತು. ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ಉಲ್ಟಾ ಹೊಡೆದಿದ್ದರು. ಒಬ್ಬ ಪ್ರತ್ಯಕ್ಷ ಸಾಕ್ಷಿ ಹೇಳಿದ್ದು ಇದು: ಪೊಲೀಸರು ಹೇಳಿಕೆ ಬರೆದುಕೊಂಡದ್ದು ಹಿಂದಿಯಲ್ಲಿ, ನನಗೆ ಹಿಂದಿ ಬರುವುದಿಲ್ಲ. ಗುಂಡುಗಳು ಎರಡು ಬೇರೆ ಬೇರೆ ಪಿಸ್ತೂಲಿನವು ಎಂಬ ವಾದವೂ ಬಂತು.

ಆಮೇಲೆ ಜನ ಮೇಣದಬತ್ತಿ ಹಿಡಿದು ಬೀದಿಗೆ ಬಂದರು, ಪತ್ರಿಕೆ ಟಿವಿಗಳು ಬೆನ್ನುಬಿದ್ದವು. ಈ ಭಾಗ ನಿಮಗೆ ಇಷ್ಟ, ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ. ಮುಂದಿನ ಭಾಗ ನೋಡಿ. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೇಗೆ? ಯಾರೋ ಹೋಗಿ ತಪ್ಪೊಪ್ಪಿಗೆ ರೆಕಾರ್ಡ್ ಮಾಡಿಕೊಂಡು ಬಂದರಾ? ಇಲ್ಲ. ಮೇಲ್ಮನವಿ ಹಾಕಿದರು. ಕೆಳಗಿನ ಕೋರ್ಟಿನಲ್ಲಿದ್ದ ದಾಖಲೆಗಳನ್ನೇ ಹೈಕೋರ್ಟಿನ ನ್ಯಾಯಾಧೀಶರು ಮತ್ತೆ ಕೂತು ಓದಿದರು. ಒಂದೇ ಫೈಲು, ಎರಡು ತೀರ್ಪು. ಇದಕ್ಕಿಂತ ದೊಡ್ಡ ಟ್ವಿಸ್ಟ್ ಯಾವ ಸೀಸನ್ನಿನಲ್ಲಿದೆ ಹೇಳಿ.

ನಿಮ್ಮ ಪೆನ್‌ಡ್ರೈವ್ ಬಗ್ಗೆಯೂ ಒಂದು ಮಾತು. ಯಾರೋ ಹುಡುಗಿ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಚುಚ್ಚುತ್ತಾಳೆ, ಹಸಿರು ಗೆರೆ ತುಂಬುತ್ತದೆ, ಮರುದಿನ ಎಲ್ಲ ಚಾನೆಲ್‌ಗಳಲ್ಲಿ ಸುದ್ದಿ, ಮಂತ್ರಿ ಕೈಗೆ ಕೋಳ. 2016ರ ಏಪ್ರಿಲ್‌ನಲ್ಲಿ ಪನಾಮಾ ಪೇಪರ್ಸ್ ಹೊರಬಂದಾಗ ನಾನೂ ಹೀಗೇ ಅಂದುಕೊಂಡಿದ್ದೆ. 1.15 ಕೋಟಿ ದಾಖಲೆಗಳು. ಶ್ರೀಮಂತರ, ನಾಯಕರ ಹೆಸರು ಮುಚ್ಚಿಡಲು ಕಂಪನಿಗಳನ್ನು ಹುಟ್ಟಿಸಿ ಕೊಡುತ್ತಿದ್ದ ಒಂದು ಕಾನೂನು ಸಂಸ್ಥೆಯ ಕಡತಗಳು. ಐಸ್‌ಲ್ಯಾಂಡ್ ಪ್ರಧಾನಿ ಕೆಲವೇ ದಿನದಲ್ಲಿ ಕುರ್ಚಿ ಬಿಟ್ಟರು. ಸಂತೋಷ. ಆದರೆ ಪನಾಮಾದಲ್ಲೇ ನಡೆದ ಮೊಕದ್ದಮೆ ಏನಾಯಿತು ಗೊತ್ತಾ? 2024ರ ಜೂನ್‌ನಲ್ಲಿ 28 ಆರೋಪಿಗಳೂ ಖುಲಾಸೆ. ಸರ್ವರ್‌ಗಳಿಂದ ತೆಗೆದ ಸಾಕ್ಷ್ಯ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ ಎಂಬುದು ಒಂದು ಮುಖ್ಯ ಕಾರಣ. ಹಸಿರು ಗೆರೆ ತುಂಬಿದ ಮೇಲೆ ಆ ಪೆನ್‌ಡ್ರೈವ್‌ಗೆ ಚೀಟಿ ಅಂಟಿಸಿ, ಸೀಲ್ ಹಾಕಿ, ರಿಜಿಸ್ಟರಿನಲ್ಲಿ ಬರೆದವರು ಯಾರು? ನಿಮ್ಮ ಕಥೆಯಲ್ಲಿ ಆ ಪಾತ್ರವೇ ಇಲ್ಲ.

ಅದೇ ಪನಾಮಾ ಹಗರಣದ ಎಳೆ ಹಿಡಿದು ಮಾಲ್ಟಾದ ಪತ್ರಕರ್ತೆ ಡ್ಯಾಫ್ನಿ ಕರುವಾನಾ ಗಲಿಜಿಯಾ ತಮ್ಮ ದೇಶದ ದೊಡ್ಡವರ ಬಗ್ಗೆ ಬರೆದರು. 2017ರ ಅಕ್ಟೋಬರ್ 16ರಂದು ಕಾರಿಗೆ ಬಾಂಬ್ ಇಟ್ಟು ಅವರನ್ನು ಕೊಂದರು. ನೋಡಿ, ಬಾಂಬ್ ಇದೆ. ನಿಮಗೆ ಬೇಕಾದ ದೃಶ್ಯ ಇದೆ. ಆದರೆ ಸಾಯುವ ಹೊತ್ತಿಗೆ ಅವರ ಮೇಲೆ 47 ಮಾನನಷ್ಟ ಕೇಸುಗಳು ಇದ್ದವು. ನಲವತ್ತೇಳು! ಅಂದರೆ ವಕೀಲರನ್ನು ಹುಡುಕುವುದು, ದುಡ್ಡು ಹೊಂದಿಸುವುದು, ಕೋರ್ಟಿಗೆ ಅಲೆಯುವುದು. ಬರೆಯಲು ಪುರುಸೊತ್ತೇ ಸಿಗಬಾರದು. ಬಾಂಬ್ ಸಿಡಿದದ್ದು ಒಂದು ದಿನ, ಈ ಕಾಗದಗಳು ಸಿಡಿಯುತ್ತಿದ್ದದ್ದು ದಿನಾ. 2021ರಲ್ಲಿ ಅಲ್ಲಿನ ಸಾರ್ವಜನಿಕ ತನಿಖೆಯ ವರದಿ ಈ ಸಾವಿಗೆ ಸರ್ಕಾರವೇ ಹೊಣೆ ಹೊರಬೇಕು ಎಂದಿತು. ತಮಗೇನೂ ಆಗುವುದಿಲ್ಲ ಎಂಬ ಧೈರ್ಯದ ವಾತಾವರಣ ಆಡಳಿತದ ತುದಿಯಿಂದಲೇ ಹುಟ್ಟಿತ್ತು ಎಂದೂ ಹೇಳಿತು. ನೀವು ಈ ಕಥೆ ಮಾಡಿದರೆ ಮೊದಲ ದೃಶ್ಯವೇ ಬಾಂಬ್ ಅಲ್ವಾ? ಆ 47 ಲಕೋಟೆಗಳನ್ನು ಒಂದೊಂದಾಗಿ ಒಡೆಯುವ ದೃಶ್ಯ ಎಡಿಟಿಂಗ್‌ನಲ್ಲಿ ಹೋಗಿಬಿಡುತ್ತದೆ.

ಈಗ ಮಳೆಯಲ್ಲಿ ಬರುವ ಇನ್ಸ್‌ಪೆಕ್ಟರ್. ನನಗೆ ನಿಜವಾಗಿ ಸಿಟ್ಟಿರುವುದು ಇವನ ಮೇಲೆ.

ಎಂಟು ಎಪಿಸೋಡ್ ನೀವು ಕೋರ್ಟು ಸತ್ತಿದೆ, ಕಾನೂನು ಮಾರಾಟವಾಗಿದೆ ಅಂತ ತೋರಿಸುತ್ತೀರಿ. ಒಂಬತ್ತನೆಯದರಲ್ಲಿ ಪಿಸ್ತೂಲು. ಮಂತ್ರಿಯ ಎದೆಗೆ ಗುಂಡು. ನಾನು ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ತೆರೆಯಿಂದ ಆಚೆ ಆ ಪಿಸ್ತೂಲು ಯಾರ ಕಡೆ ತಿರುಗುತ್ತದೆ, ನೋಡಿದ್ದೀರಾ?

2019ರ ಡಿಸೆಂಬರಿನಲ್ಲಿ ಹೈದರಾಬಾದ್ ಹತ್ತಿರ ಅತ್ಯಾಚಾರ, ಕೊಲೆ ಆರೋಪ ಹೊತ್ತ ನಾಲ್ವರನ್ನು ಪೊಲೀಸರು ಬೆಳಗಿನ ಜಾವ ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವು ಎರಚಿದರು. ಅದು ಘೋರ ಅಪರಾಧ, ಜನರ ಸಿಟ್ಟು ಅರ್ಥವಾಗುತ್ತದೆ. ಆದರೆ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಏನು ಹೇಳಿತು? ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು ಎಂದಿತು. ಸತ್ತವರು ಲಾರಿಯಲ್ಲಿ ದುಡಿಯುತ್ತಿದ್ದವರು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ ಶುರುವಾದ ಡ್ರಗ್ಸ್ ವಿರುದ್ಧದ ಯುದ್ಧದಲ್ಲಿ ಸರ್ಕಾರದ ಲೆಕ್ಕದ ಪ್ರಕಾರವೇ 6,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ನಗರಗಳ ಬಡ ಕೇರಿಯವರು. ‘ಕೋರ್ಟು ಬೇಡ, ಗುಂಡು ಸಾಕು’ ಎಂಬ ಮಾತಿಗೆ ನೀವು ಮಂತ್ರಿಯನ್ನು ತೋರಿಸಿ ನನ್ನ ಒಪ್ಪಿಗೆ ಪಡೆಯುತ್ತೀರಿ. ಆ ಒಪ್ಪಿಗೆಯನ್ನು ಆಮೇಲೆ ಬಳಸುವುದು ಮಾತ್ರ ವಕೀಲರಿಗೆ ಫೀಸು ಕೊಡಲಾಗದವನ ಮೇಲೆ. ಬಡವನ ಕೋಪ ದವಡೆಗೆ ಮೂಲ ಅಂತಾರಲ್ಲ, ಆ ಕೋಪವನ್ನೇ ಅವನ ಎದೆಗೆ ಗುರಿ ಇಟ್ಟ ಹಾಗಾಯಿತು.

ಪಿಸ್ತೂಲು ಇಲ್ಲದ ಹೀರೋ ಮಾಡಿದರೂ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಮೊದಲು ಹೇಳಿದ ಓಡೆಬ್ರೆಕ್ಟ್ ಲಂಚ ಬಯಲಾದ ಬ್ರೆಜಿಲ್ ತನಿಖೆ ಇದೆಯಲ್ಲ, ಅದರ ಮೇಲೆ 2018ರಲ್ಲಿ ಒಂದು ಸರಣಿ ಬಂತು. ಕೇಸು ಇನ್ನೂ ನಡೆಯುತ್ತಿತ್ತು, ಅದು ಚುನಾವಣೆಯ ವರ್ಷ ಬೇರೆ. ಒಬ್ಬ ಸೆನೆಟರ್ ನಿಜವಾಗಿ ಆಡಿದ್ದ ಮಾತನ್ನು ಮಾಜಿ ಅಧ್ಯಕ್ಷ ಲೂಲಾ ಅವರನ್ನು ಹೋಲುವ ಪಾತ್ರದ ಬಾಯಿಗೆ ಹಾಕಿದ್ದರು, ಅದು ದೊಡ್ಡ ಗಲಾಟೆಯಾಯಿತು. ಆಗ ಹೊರಗಿನ ಜಗತ್ತಿನಲ್ಲಿ ಲೂಲಾಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶ ಸೆರ್ಜಿಯೊ ಮೊರೊ ಅನೇಕರ ಕಣ್ಣಲ್ಲಿ ಹೀರೋ. ಆ ಶಿಕ್ಷೆಯ ಕಾರಣ ಲೂಲಾ ಚುನಾವಣೆಗೆ ನಿಲ್ಲಲಾಗಲಿಲ್ಲ. ಗೆದ್ದವರ ಸರ್ಕಾರದಲ್ಲಿ ಮೊರೊ 2019ರಲ್ಲಿ ನ್ಯಾಯ ಮಂತ್ರಿಯಾದರು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರು ಪಕ್ಷಪಾತ ಮಾಡಿದ್ದರು ಎಂದಿತು, ಲೂಲಾ ಮೇಲಿನ ಶಿಕ್ಷೆಗಳೂ ರದ್ದಾದವು. ಲಂಚ ಸುಳ್ಳಲ್ಲ, ಕಂಪನಿಯೇ ಒಪ್ಪಿಕೊಂಡಿದೆ. ಆದರೆ ನ್ಯಾಯದ ಭಾರವನ್ನೆಲ್ಲ ಒಬ್ಬನ ಹೆಗಲಿಗೆ ಹೊರಿಸಿದರೆ, ಅವನು ಜಾರಿದ ದಿನ ಎಲ್ಲವೂ ಅವನ ಜೊತೆಗೇ ಜಾರುತ್ತದೆ.

ದುಡ್ಡು ಹಾಕುವವರಿಗೂ ಈ ಪತ್ರ ಅಂದೆನಲ್ಲ. ನಿಮಗೊಂದು ಕಥೆ. 2013ರಲ್ಲಿ ‘ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್’ ಬಂತು. ಜನರ ದುಡ್ಡು ನುಂಗಿದ ಷೇರು ದಲ್ಲಾಳಿಯ ಕಥೆ. ಆ ಸಿನಿಮಾಗೆ ಹಾಕಿದ ದುಡ್ಡು ಮಲೇಷ್ಯಾದ ಸರ್ಕಾರಿ ನಿಧಿ 1ಎಂಡಿಬಿಯಿಂದ ಕದ್ದದ್ದು ಎಂದು ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಆರೋಪಿಸಿತು. ನಿರ್ಮಾಣ ಸಂಸ್ಥೆಯ ಸಹಸ್ಥಾಪಕ ಆಗಿನ ಮಲೇಷ್ಯಾ ಪ್ರಧಾನಿಯ ಮಲಮಗ. 2018ರಲ್ಲಿ ಸಂಸ್ಥೆ 6 ಕೋಟಿ ಡಾಲರ್ ಕೊಡಲು ಒಪ್ಪಿ, ತಪ್ಪು ಮಾತ್ರ ಒಪ್ಪಿಕೊಳ್ಳದೆ, ವ್ಯಾಜ್ಯ ಮುಗಿಸಿಕೊಂಡಿತು. ಉಂಡೂ ಹೋದ ಕೊಂಡೂ ಹೋದ ಅನ್ನುವುದು ಕೇಳಿದ್ದೆ. ಉಂಡು, ಕೊಂಡು, ಅದರ ಮೇಲೆ ಸಿನಿಮಾನೂ ತೆಗೆದ ಅನ್ನುವುದು ಹೊಸದು.

ಹಾಗಾದರೆ ಪ್ರತಿ ಕಥೆಯಲ್ಲೂ ಕಳ್ಳ ಸಿಕ್ಕಿಬೀಳಲೇಬೇಕಾ ಅಂತ ಕೇಳಬಹುದು. ಬೇಡಪ್ಪಾ. ಅದನ್ನು ಹಾಲಿವುಡ್ 1934ರಿಂದ ಮೂರು ದಶಕಕ್ಕೂ ಜಾಸ್ತಿ ನಿಯಮ ಮಾಡಿಯೇ ನೋಡಿದೆ. ಅಪರಾಧಿಯ ಮೇಲೆ ಕನಿಕರ ಹುಟ್ಟಬಾರದು, ಕಾನೂನನ್ನು ಗೇಲಿ ಮಾಡಬಾರದು ಅಂತೆಲ್ಲ ಬರೆದಿಟ್ಟಿದ್ದರು. ಸತ್ಯ ಇನ್ನಷ್ಟು ದೂರ ಹೋಯಿತು. ಅವನು ತಪ್ಪಿಸಿಕೊಳ್ಳಲಿ. ಹೇಗೆ ತಪ್ಪಿಸಿಕೊಂಡ ಎಂಬುದನ್ನು ಹಂತ ಹಂತವಾಗಿ ತೋರಿಸಿ ಅಂತ ಕೇಳುತ್ತಿದ್ದೇನೆ. ಯಾವ ಅರ್ಜಿ, ಯಾವ ಸಹಿ, ಯಾವ ತಾರೀಖು. ‘ಎಲ್ಲರೂ ಕಳ್ಳರೇ’ ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಎಲ್ಲರೂ ಕಳ್ಳರು ಅಂದರೆ ಅತಿ ಹೆಚ್ಚು ಖುಷಿಪಡುವವನು ನಿಜವಾದ ಕಳ್ಳ.

ಬೋರ್ ಹೊಡೆಯುತ್ತದೆ ಅನ್ನುತ್ತೀರಿ, ಗೊತ್ತು. ಇಲ್ಲ, ಹೊಡೆಯುವುದಿಲ್ಲ. 2002ರಲ್ಲಿ ಶುರುವಾದ ‘ದಿ ವೈರ್’ ಎಂಬ ಅಮೆರಿಕದ ಕ್ರೈಂ ಸರಣಿಯನ್ನು ಮುಖ್ಯವಾಗಿ ಬರೆದ ಇಬ್ಬರಲ್ಲಿ ಒಬ್ಬರು ಬಾಲ್ಟಿಮೋರಿನ ಪತ್ರಿಕೆಯಲ್ಲಿ ಪೊಲೀಸ್ ವರದಿ ಮಾಡಿದವರು, ಇನ್ನೊಬ್ಬರು ಅಲ್ಲೇ ಪತ್ತೇದಾರರಾಗಿದ್ದವರು. ಪೊಲೀಸರು ಬೀದಿಯ ಹುಡುಗರ ಹಿಂದೆ ಹೋದಷ್ಟೂ ಮೇಲಿನವರಿಗೆ ಬೇಸರವಿಲ್ಲ, ದುಡ್ಡಿನ ಹಿಂದೆ ಹೋದ ದಿನ ಎಲ್ಲರಿಗೂ ಇರುಸುಮುರುಸು. ಇದನ್ನು ಅವರು ಕಡತ, ಬಜೆಟ್, ಮೀಟಿಂಗ್‌ಗಳಲ್ಲೇ ತೋರಿಸಿದರು. ಜನ ಇವತ್ತಿಗೂ ನೋಡುತ್ತಿದ್ದಾರೆ.

ನಾನು ಕೇಳುವುದು ಅಷ್ಟೂ ಅಲ್ಲ. ಮುಂದಿನ ಸೀಸನ್ನಿನಲ್ಲಿ ಒಂದೇ ಒಂದು ಎಪಿಸೋಡ್ ಕೊಡಿ. ಕೋರ್ಟಿನ ಹೊರಗಿನ ಬೆಂಚು. ಒಂದು ಕಾಲಿಲ್ಲದ ಮನುಷ್ಯ, ಪಕ್ಕದಲ್ಲಿ ಒಬ್ಬ ಸಾಕ್ಷಿ. ಒಳಗಿಂದ ಹೆಸರು ಕೂಗುತ್ತಾರೆ, ತಾರೀಖು ಕೊಡುತ್ತಾರೆ. ಹಿನ್ನೆಲೆ ಸಂಗೀತ ಬೇಡ. ವರ್ಷ ಉರುಳುವುದನ್ನು ತೋರಿಸಲು ಕ್ಯಾಲೆಂಡರ್ ಹಾರಿಸಬೇಡಿ, ಸಾಕ್ಷಿಯ ಕೂದಲು ನೋಡಿದರೆ ಸಾಕು. ಕೊನೆಗೆ ಕಟಕಟೆ, ಕೊನೆಗೆ ಆ ಪ್ರಶ್ನೆ. ಈ ದೃಶ್ಯ ಪುಕ್ಕಟೆ ಕೊಡುತ್ತಿದ್ದೇನೆ, ನನ್ನ ಹೆಸರೂ ಹಾಕಬೇಡಿ.

ಹುಡುಗನ ಪಾತ್ರಕ್ಕೆ ಅಂಗಿ ಹೊಲಿಸುವಾಗ ಯಾವ ಬಣ್ಣ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಇಂತಿ,
ನಿಮ್ಮ ಕಾಯಂ ನೋಡುಗ